ಎಡಗೈ ಎಲ್ಲಿ ಹೋಯ್ತು? ಕ್ಲಬ್ಬಿನಲ್ಲಿ ನನ್ನ ಕ್ವಾಡ್ ಸ್ಪೀಕರ್ ಕೇಳಿಸಿದ ಸಂಜೆ

ನಮ್ಮ ಆಡಿಯೋ ಕ್ಲಬ್ಬಿನಲ್ಲಿ ತಿಂಗಳಿಗೊಬ್ಬರು ತಮ್ಮ ಸಿಸ್ಟಮ್ ಹೊತ್ತು ತಂದು ಎಲ್ಲರಿಗೂ ಕೇಳಿಸುವ ರೂಢಿ. ಹಿಂದಿನ ಸಲ ಒಬ್ಬರು ಹನ್ನೊಂದು ಪೆಟ್ಟಿಗೆ ತಂದಿದ್ದರು. ವೈರ್ ಜೋಡಿಸುವುದರಲ್ಲೇ ಅರ್ಧ ಸಂಜೆ ಮುಗಿದಿತ್ತು. ಈ ಸಲ ಸರದಿ ನನ್ನದು. ಒಂದು ಸಿಡಿ ಪ್ಲೇಯರ್, 40 ವಾಟ್‌ನ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಎರಡು ಸ್ಪೀಕರ್. ಅಷ್ಟೇ. ಇಷ್ಟು ಕಡಿಮೆ ಸಾಮಾನಿನಲ್ಲಿ ತಪ್ಪು ಮಾಡೋಕೆ ಏನಿದೆ ಅಂದುಕೊಂಡೇ ಹೋದೆ.

ಪ್ಲೇಯರ್, ಆಂಪ್ಲಿಫೈಯರ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಅವು ತಮ್ಮ ಕೆಲಸ ತಾವು ಮಾಡುತ್ತವೆ. ವಿಷಯ ಇರುವುದು ಸ್ಪೀಕರ್‌ನಲ್ಲಿ. ಕ್ವಾಡ್ ಇಎಸ್‌ಎಲ್-63. ಇಎಸ್‌ಎಲ್ ಅಂದರೆ ಎಲೆಕ್ಟ್ರೋಸ್ಟಾಟಿಕ್ ಲೌಡ್‌ಸ್ಪೀಕರ್. ಕ್ವಾಡ್ ಕಂಪನಿ ಕಟ್ಟಿದ ಪೀಟರ್ ವಾಕರ್ ಇದರ ಕೆಲಸ ಶುರು ಮಾಡಿದ್ದು 1963ರಲ್ಲಿ, ಹೆಸರಿನ 63 ಅದೇ. ಮಾರುಕಟ್ಟೆಗೆ ಬಂದದ್ದು ಮಾತ್ರ 1981ರಲ್ಲಿ. ನನ್ನದು ಸೆಕೆಂಡ್ ಹ್ಯಾಂಡ್ ಜೋಡಿ. ಬಲ್ಲವರೊಬ್ಬರು ಸದ್ದು ಹೊರಡಿಸುವ ಒಳಗಿನ ಪ್ಯಾನೆಲ್‌ಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿದ ಮೇಲೆ ನನ್ನ ಕೈಗೆ ಬಂತು. ನೀವು ಹಳೆಯ ಜೋಡಿ ಕೊಳ್ಳುವುದಾದರೆ ಇದನ್ನು ಕೇಳಿಯೇ ಕೊಳ್ಳಿ. ವಯಸ್ಸಾದಂತೆ ಪ್ಯಾನೆಲ್‌ನ ಅಂಟು ಸಡಿಲವಾಗುತ್ತದೆ.

ನೋಡೋಕೆ ಬಟ್ಟೆ ಹೊದಿಸಿದ ಚೌಕಟ್ಟು. ಸುಮಾರು 92 ಸೆಂ.ಮೀ. ಎತ್ತರ, 66 ಸೆಂ.ಮೀ. ಅಗಲ. ಬೇರೆ ಸ್ಪೀಕರ್‌ಗಳಲ್ಲಿ ಅಲುಗಾಡಿ ಸದ್ದು ಮಾಡುವ ಕೋನ್ ಒಳಗೆ ಇಲ್ಲ, ಮರದ ಡಬ್ಬವೂ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಸಾವಿರಾರು ವೋಲ್ಟ್ ಚಾರ್ಜ್, ಹಾಳೆಯ ಹಿಂದೆ ಮುಂದೆ ತೂತು ತೂತಾದ ತಟ್ಟೆಗಳು. ಸಂಗೀತದ ಸಿಗ್ನಲ್ ಆ ತಟ್ಟೆಗಳಿಗೆ ಬಂದಾಗ ನಡುವಿನ ಹಾಳೆ ಅಲುಗಾಡುತ್ತದೆ. ಜಾಣತನ ಇರುವುದು ಇಲ್ಲಿ: ತಟ್ಟೆಗಳನ್ನು ಉಂಗುರ ಉಂಗುರವಾಗಿ ಭಾಗ ಮಾಡಿದ್ದಾರೆ. ಮಧ್ಯದ ಉಂಗುರಕ್ಕೆ ಸಿಗ್ನಲ್ ಮೊದಲು, ಹೊರಗಿನವಕ್ಕೆ ಚೂರು ಚೂರೇ ತಡವಾಗಿ. ಕೊಳಕ್ಕೆ ಕಲ್ಲು ಹಾಕಿದರೆ ಅಲೆ ಹೇಗೆ ಹರಡುತ್ತದೋ ಹಾಗೆ. ಕೇಳುವವರಿಗೆ ಸದ್ದು ಸ್ಪೀಕರ್‌ನ ಹಿಂದೆ ಸುಮಾರು 30 ಸೆಂ.ಮೀ. ದೂರದ ಒಂದೇ ಬಿಂದುವಿನಿಂದ ಹೊರಟಂತಿರುತ್ತದೆ.

ಇದನ್ನೆಲ್ಲ ವಿವರಿಸೋಕೆ ನಾನು ಎರಡು ಪುಟ ಬರೆದುಕೊಂಡಿದ್ದೆ. ಅರ್ಧ ಪುಟಕ್ಕೇ ಹಿಂದಿನ ಸಾಲಿನವರು ಮೊಬೈಲ್ ತೆಗೆದರು. ಎಲ್ಲರೂ ಎದ್ದು ಬಂದು ನೋಡಿದ್ದು ಒಂದೇ, ಸ್ಪೀಕರ್‌ಗೂ ಕರೆಂಟ್ ಪ್ಲಗ್ ಇದೆ ಅನ್ನುವುದನ್ನು. ಹೌದು, ಆ ಹಾಳೆಗೆ ಚಾರ್ಜ್ ಕೊಡೋಕೆ ಬೇಕೇ ಬೇಕು. ಚಾರ್ಜ್ ತುಂಬಲು ಸ್ವಲ್ಪ ಹೊತ್ತೂ ಬೇಕು. ನಾನು ಎಕ್ಸ್‌ಟೆನ್ಷನ್ ಬೋರ್ಡ್ ಮರೆತು ಹೋಗಿದ್ದೆ. ಅದನ್ನು ಹುಡುಕಿ ತರುವಷ್ಟರಲ್ಲಿ ಜನ ಬಂದು ಕೂತಾಗಿತ್ತು. ಉಳಿದ ಜೋಡಣೆ ಗಡಿಬಿಡಿಯಲ್ಲಿ ಮಾಡಿದೆ. ಇದು ಆಮೇಲೆ ಮುಖ್ಯ ಆಗುತ್ತದೆ.

ಮೊದಲು ಹಾಕಿದ್ದು ಪಿಟೀಲು ಮತ್ತು ಮೃದಂಗ ಇದ್ದ ಒಂದು ಕಛೇರಿಯ ಸಿಡಿ. ಮನೆಯಲ್ಲಿ ನೂರು ಸಲ ಕೇಳಿದ್ದು. ಪಿಟೀಲು ಇಡೀ ಕೋಣೆಯಲ್ಲಿ ಹರಡಿಕೊಂಡಿತ್ತು, ಆದರೆ ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸೋಕೆ ಆಗುತ್ತಿರಲಿಲ್ಲ. ಬೇಸ್, ಅಂದರೆ ಕೆಳಗಿನ ಸ್ವರಗಳು, ತೀರಾ ತೆಳು. ನಾನು ಧೈರ್ಯವಾಗಿ ಸಮಜಾಯಿಷಿ ಕೊಟ್ಟೆ. "ಈ ಜಾತಿಯ ಸ್ಪೀಕರ್‌ನಲ್ಲಿ ಬೇಸ್ ಕಮ್ಮಿ. ಹಿಂದಕ್ಕೂ ಮುಂದಕ್ಕೂ ಸದ್ದು ಬಿಡುತ್ತದಲ್ಲ, ಕೆಳಗಿನ ಸ್ವರಗಳಲ್ಲಿ ಒಂದನ್ನೊಂದು ಕಳೆದುಬಿಡುತ್ತವೆ." ಹೇಳಿದ್ದು ಸುಳ್ಳಲ್ಲ. ಎಲ್ಲರೂ ತಲೆಯಾಡಿಸಿದರು. ಗೋಡೆಯ ದೂರ ಸರಿಯಿಲ್ಲವೇನೋ ಅಂತ ಸ್ಪೀಕರ್‌ಗಳನ್ನು ಇನ್ನಷ್ಟು ಮುಂದಕ್ಕೆ ಎಳೆದೆ. ಗೋಡೆಯಿಂದ 1.2 ಮೀಟರ್ ಆಯಿತು. ಅಷ್ಟಿದ್ದರೆ ಹಿಂದಿನ ಸದ್ದು ಗೋಡೆ ಮುಟ್ಟಿ ವಾಪಸ್ ಬರಲು ಸುಮಾರು 7 ಮಿಲಿಸೆಕೆಂಡ್ ಹಿಡಿಯುತ್ತದೆ, ನೇರ ಸದ್ದಿನ ಜೊತೆ ಕಲಸುಮೇಲೋಗರ ಆಗುವುದು ಕಡಿಮೆ. ಏನೂ ಪ್ರಯೋಜನ ಆಗಲಿಲ್ಲ.

ಮೂರನೇ ಹಾಡಿನ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಕೈ ಎತ್ತಿದರು. ಚಿಕ್ಕಂದಿನಲ್ಲಿ ಮೃದಂಗ ಕಲಿತವರು. ಹೈ-ಫೈ ಪರಿಭಾಷೆ ಅವರಿಗೆ ಜಾಸ್ತಿ ಗೊತ್ತಿಲ್ಲ. "ಅಲ್ಲಪ್ಪಾ, ಇವನು ಬಲಗೈಯಲ್ಲಿ ಮಾತ್ರ ಬಾರಿಸ್ತಿದಾನಾ? ಎಡಗೈ ಎಲ್ಲಿ ಹೋಯ್ತು?"

ಮೃದಂಗದಲ್ಲಿ ಬೇಸ್ ಬರುವುದು ಎಡಗೈಯಿಂದ. ನನಗೆ ಆಗಲೇ ಹೊಳೆದದ್ದು. ಟಾರ್ಚ್ ಹಿಡಿದು ಹಿಂದೆ ಹೋಗಿ ಬಗ್ಗಿ ನೋಡಿದೆ. ನನ್ನ ವೈರ್‌ನಲ್ಲಿ ಎರಡೂ ಎಳೆ ಒಂದೇ ಬಣ್ಣ. ಒಂದು ಎಳೆಯ ಮೇಲೆ ಮಾತ್ರ ಕೂದಲಿನಷ್ಟು ಸಣ್ಣ ಗೆರೆ ಇರುತ್ತದೆ, ಅದು ಪ್ಲಸ್. ಬಲಗಡೆಯ ಸ್ಪೀಕರ್‌ನಲ್ಲಿ ಆ ಗೆರೆಯ ಎಳೆ ಕಪ್ಪು (ಮೈನಸ್) ಟರ್ಮಿನಲ್‌ನಲ್ಲಿ ಕೂತಿತ್ತು. ಅಂದರೆ ಎಡದ ಹಾಳೆ ಮುಂದಕ್ಕೆ ಬಂದಾಗ ಬಲದ್ದು ಹಿಂದಕ್ಕೆ. ಒಬ್ಬರು ಗಾಳಿಯನ್ನು ತಳ್ಳಿದರೆ ಇನ್ನೊಬ್ಬರು ಎಳೆಯುತ್ತಿದ್ದಾರೆ. ಬೇಸ್ ಎಲ್ಲಿಂದ ಬರಬೇಕು? ಇಪ್ಪತ್ತು ನಿಮಿಷದಿಂದ ನಾನು ಭೌತಶಾಸ್ತ್ರದ ಮೇಲೆ ಹಾಕುತ್ತಿದ್ದ ಆರೋಪ ನನ್ನ ಬೆರಳಿನದು.

ಅದಲು ಬದಲು ಮಾಡಿ ಅದೇ ಹಾಡು ಮತ್ತೆ ಹಾಕಿದೆ. ಪಿಟೀಲು ಎರಡು ಸ್ಪೀಕರ್‌ಗಳ ನಡುವೆ ಬಂದು ಕೂತುಬಿಟ್ಟಿತು. ಬಿಲ್ಲು ದಿಕ್ಕು ಬದಲಿಸುವಾಗಿನ ಆ ಸಣ್ಣ ಕೆರೆತ, ಅದರ ಹಿಂದೆಯೇ ತಂಬೂರ. ಮೃದಂಗದ ಎಡ ಮುಖದ ಗುಮುಕಿ ಈಗ ಉರುಳಿಕೊಂಡು ಬಂತು. ಚರ್ಮವನ್ನು ಅಂಗೈ ಒತ್ತಿ ಜಾರಿಸುವಾಗ ಸ್ವರ ಬಾಗುತ್ತದಲ್ಲ, ಆ ಬಾಗು ಶುರುವಾಗುವ ಜಾಗ, ಮುಗಿಯುವ ಜಾಗ ಎರಡೂ ಬೇರೆ ಬೇರೆ ಕೇಳಿತು. ಡಬ್ಬದ ಸ್ಪೀಕರ್‌ಗಳಲ್ಲಿ ನಾನು ಇದೇ ಏಟು ಇನ್ನೂ ದಪ್ಪವಾಗಿ ಕೇಳಿದ್ದೇನೆ. ಇಷ್ಟು ಬಿಡಿಬಿಡಿಯಾಗಿ ಕೇಳಿಲ್ಲ. ಹಿರಿಯರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಹಾಗಂತ ಎಲ್ಲರಿಗೂ ಇಷ್ಟ ಆಗಲಿಲ್ಲ. ಒಬ್ಬ ಹುಡುಗ ಎಲೆಕ್ಟ್ರಾನಿಕ್ ಡ್ಯಾನ್ಸ್ ಟ್ರ್ಯಾಕ್ ತಂದಿದ್ದ. ಹಾಕಿದೆ. ತಾಳ ಕೇಳಿತು, ಎದೆಗೆ ಬಡಿಯಲಿಲ್ಲ. ವಾಲ್ಯೂಮ್ ಇನ್ನೂ ಏರಿಸಿ ಅಂದ, ನಾನು ಏರಿಸಲಿಲ್ಲ. ಈ ಸ್ಪೀಕರ್‌ಗೆ ಮಿತಿ ಇದೆ, ದಾಟಿದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಮಧ್ಯೆ ಬರುತ್ತದೆ. ಪಾರ್ಟಿಗೆ ಬೇಕಾದವರು ಇದನ್ನು ಮುಟ್ಟಬೇಡಿ. ಕೂರುವ ಜಾಗದ ತಂಟೆಯೂ ಇದೆ. ಹದಿನಾಲ್ಕು ಜನ ಬಂದಿದ್ದರು, ಪಿಟೀಲು ನಟ್ಟ ನಡುವೆ ಕೇಳುವ ಕುರ್ಚಿ ಮೂರೇ. ಹಾಡಿಗೊಮ್ಮೆ ಜಾಗ ಬದಲಿಸಿಕೊಂಡೆವು. ಸ್ಪೀಕರ್‌ನ ಪಕ್ಕಕ್ಕೇ ಕೂತವರಿಗೆ ಹೆಚ್ಚೇನೂ ಕೇಳುವುದಿಲ್ಲ. ಅಲ್ಲಿ ಹಿಂದಿನ ಸದ್ದು, ಮುಂದಿನ ಸದ್ದು ಒಂದನ್ನೊಂದು ನುಂಗುತ್ತವೆ. ಇನ್ನೊಂದು, ಇವನ್ನು ಗೋಡೆಗೆ ಆನಿಸಿ ಇಡೋಕೆ ಆಗುವುದಿಲ್ಲ. ಮನೆಯ ಕೋಣೆ ಚಿಕ್ಕದಾದರೆ ಓಡಾಡುವ ದಾರಿಯೇ ಹೋಗುತ್ತದೆ. ನಮ್ಮ ಮನೆಯವರು ಇವಕ್ಕೆ ಇಟ್ಟ ಹೆಸರು "ನಿಂತ ನೆಂಟರು".

ಕೊನೆಗೆ ಸುಮ್ನೆ ಕುತೂಹಲಕ್ಕೆ ವೈರ್ ಬೇಕಂತಲೇ ಉಲ್ಟಾ ಹಾಕಿ ಮತ್ತೊಮ್ಮೆ ಕೇಳಿಸಿದೆ. ಆ ಹುಡುಗ ಮಧ್ಯದ ಕುರ್ಚಿಯಲ್ಲಿದ್ದ. ಹಾಡು ಶುರುವಾದ ಎರಡೇ ಸೆಕೆಂಡಿಗೆ "ತಲೆ ಒಂಥರಾ ಹಿಂಜಿದ ಹಾಗೆ ಆಗ್ತಿದೆ" ಅಂದ. ಮೊದಲ ಇಪ್ಪತ್ತು ನಿಮಿಷ ಅವನೂ ಅಲ್ಲೇ ಕೂತು ತಲೆಯಾಡಿಸಿದ್ದ ಅನ್ನುವುದನ್ನು ನಾನು ನೆನಪಿಸಲಿಲ್ಲ.

ಮುಂದಿನ ತಿಂಗಳು ಮೃದಂಗದ ಹಿರಿಯರ ಸರದಿ. ವೈರ್ ಜೋಡಿಸೋಕೆ ನಾನು ಬರ್ತೀನಿ ಅಂದೆ. ಬೇಡ ಅಂದರು.