ಸಿಮೆಂಟ್ ಗೂಡಿನ ಬಿಸಿಗೆ ಹಬೆ ಟರ್ಬೈನೋ, ಓಆರ್‌ಸಿಯೋ?

ಸಿಮೆಂಟ್ ಕಾರ್ಖಾನೆಯ ಪ್ರೀಹೀಟರ್‌ನಿಂದ (ಕಚ್ಚಾಪುಡಿಯನ್ನು ಗೂಡಿಗೆ ಮೊದಲೇ ಕಾಯಿಸುವ ಭಾಗ) ಸುಮಾರು 300–350 ಡಿಗ್ರಿ ಸೆಲ್ಸಿಯಸ್ ಅನಿಲ, ಕ್ಲಿಂಕರ್ ಕೂಲರ್‌ನಿಂದ (ಗೂಡಿನಲ್ಲಿ ಸುಟ್ಟ ಗಟ್ಟಿಗಳನ್ನು ತಣಿಸುವ ಭಾಗ) ಸಾಮಾನ್ಯವಾಗಿ ಅದಕ್ಕಿಂತ ತುಸು ತಣ್ಣಗಿನ ಗಾಳಿ ಹೊರಬೀಳುತ್ತದೆ. ವ್ಯರ್ಥವಾಗುವ ಈ ಬಿಸಿಯಿಂದ ಕರೆಂಟು ತಯಾರಿಸಲು ಎರಡು ದಾರಿ: ಹಬೆ ಟರ್ಬೈನ್ ಇಲ್ಲವೇ ಓಆರ್‌ಸಿ.

ಬಿಸಿ 350 ದಾಟಿ, ಹಲವು ಮೆಗಾವ್ಯಾಟ್ ಸಿಗುವಂತಿದ್ದರೆ ಹಬೆ ಟರ್ಬೈನ್ ಸಾಕು. ಪಳಗಿದ ತಂತ್ರ, ಕಿಲೋವ್ಯಾಟ್‌ಗೆ ಬೀಳುವ ಬಂಡವಾಳವೂ ಕಡಿಮೆ. ಬಾಯ್ಲರ್ ಆಪರೇಟರ್, ನೀರಿನ ಶುದ್ಧೀಕರಣ ಮಾತ್ರ ತಪ್ಪದು.

ಅದಕ್ಕಿಂತ ಇಳಿದರೆ ಲೆಕ್ಕ ಬೇರೆ. ಆರ್ಗ್ಯಾನಿಕ್ ರ‍್ಯಾಂಕಿನ್ ಸೈಕಲ್, ಅಂದರೆ ಓಆರ್‌ಸಿಯಲ್ಲಿ ನೀರಿನ ಬದಲು ಪೆಂಟೇನ್‌ನಂಥ ದ್ರವ. ಅದು ಸುಮಾರು 36 ಡಿಗ್ರಿಗೇ ಕುದಿಯುತ್ತದೆ. ಅದರ ಆವಿ ಟರ್ಬೈನಿನಲ್ಲಿ ಹಿಗ್ಗುವಾಗ ಹನಿಗಟ್ಟದಿರುವುದರಿಂದ ಅಲಗುಗಳಿಗೆ ಹನಿಯೇಟಿನ ಸವೆತವಿಲ್ಲ. ಗೂಡಿನ ಲೋಡ್ ಏರಿಳಿದರೂ ಹೆಚ್ಚು ತಕರಾರಿಲ್ಲದೆ ಓಡುತ್ತದೆ. ಜರ್ಮನಿಯ ಲೆಂಗ್‌ಫುರ್ಟ್ ಕಾರ್ಖಾನೆಯಲ್ಲಿ 1999ರಲ್ಲೇ ಕೂಲರ್ ಗಾಳಿಗೆ ಇದನ್ನು ಜೋಡಿಸಿದ್ದರು. ದಕ್ಷತೆ? ಸಾಮಾನ್ಯವಾಗಿ ಶೇ. 10ರಿಂದ 20. ಮಾರುವವರು ಹೇಳುವ ಅಂಕಿಯಲ್ಲಿ ಪಂಪು, ಫ್ಯಾನುಗಳು ತಿನ್ನುವ ಕರೆಂಟು ಕಳೆದಿದ್ದಾರೋ ಇಲ್ಲವೋ ವಿಚಾರಿಸಿ. ಪೆಂಟೇನ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಸೋರಿಕೆ ಪತ್ತೆಗೆ, ಅಗ್ನಿಸುರಕ್ಷೆಗೆ ಬೇರೆಯೇ ಹಣ ಎತ್ತಿಡಬೇಕು.

ಸೇಡಂ, ವಾಡಿಯಂಥ ಬಿಸಿಲೂರುಗಳಲ್ಲಿ, ಬಿಸಿ ಕಡಿಮೆ ದರ್ಜೆಯದಾಗಿದ್ದರೆ, ನೀರು ಉಳಿಸಲು, ಗಾಳಿಯಿಂದಲೇ ತಣಿಸುವ ಕಂಡೆನ್ಸರ್ (ಆವಿಯನ್ನು ಮತ್ತೆ ದ್ರವವಾಗಿಸುವ ಭಾಗ) ಇರುವ ಓಆರ್‌ಸಿಯೇ ನನ್ನ ಆಯ್ಕೆ. ಆದರೆ ಏಪ್ರಿಲ್–ಮೇ ಮಧ್ಯಾಹ್ನ ಹೊರಗಾಳಿಯೇ ಕಾದಿರುವುದರಿಂದ ಅದರ ಉತ್ಪಾದನೆ ಕುಗ್ಗುತ್ತದೆ. ವಾರ್ಷಿಕ ಸರಾಸರಿಯ ಜೊತೆಗೆ ಆ ಎರಡು ತಿಂಗಳ ಅಂಕಿಯನ್ನೂ ಬರವಣಿಗೆಯಲ್ಲಿ ಪಡೆಯಿರಿ.