ಪ್ರೋಟೋಟೈಪ್ ಪಿಸಿಬಿ: ಜೆಎಲ್‌ಸಿ, ಓಶ್ ಪಾರ್ಕ್, ಇಲ್ಲಾ ಮನೇಲೇ ಎಚ್ಚಿಂಗಾ?

ಪಿಸಿಬಿ, ಅಂದ್ರೆ ಎಲೆಕ್ಟ್ರಾನಿಕ್ ಪಾರ್ಟ್ಸ್ ಕೂರಿಸೋ ತಾಮ್ರದ ಗೆರೆಗಳಿರೋ ಬೋರ್ಡ್, ಆರ್ಡರ್ ಮಾಡೋಕೆ ಕೂತ್ರೆ ಎಲ್ರೂ ಮೊದ್ಲು ನೋಡೋದು ಬೋರ್ಡಿನ ರೇಟು, ಆದ್ರೆ ನಿಜವಾಗ್ಲೂ ನೋಡ್ಬೇಕಾಗಿರೋದು ಬೋರ್ಡಿನ ಅಳತೆ ಮತ್ತೆ ಕೊರಿಯರ್ ಖರ್ಚು. ಎಟಿಟೈನಿ85 ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್ ಜೊತೆ, ತಾಪಮಾನ, ತೇವಾಂಶ, ಗಾಳಿಯ ಒತ್ತಡ ಅಳೆಯೋ ಬಿಎಂಇ280 ಸೆನ್ಸರ್ ಇರೋ ನನ್ನ ಪುಟ್ಟ ಬೋರ್ಡನ್ನ, ಹೆಚ್ಚುಕಮ್ಮಿ ಒಂದಿಂಚು ಚೌಕ, ಮೂರು ಥರಾನೂ ಮಾಡಿಸಿ ನೋಡಿದೀನಿ.

ಜೆಎಲ್‌ಸಿಪಿಸಿಬಿ ಚೀನಾದ ಶೆನ್‌ಝೆನ್‌ದು. 100 × 100 ಮಿಮೀ ಒಳಗಿನ ಎರಡು ಲೇಯರ್ (ಎರಡೂ ಬದಿ ತಾಮ್ರದ ಪದರ ಇರೋ) ಬೋರ್ಡಾದ್ರೆ ಐದು ಪೀಸು ತುಂಬಾ ಕಮ್ಮಿಗೆ ಸಿಗುತ್ತೆ, ಆ ಅಳತೆ ದಾಟಿದ್ರೆ ರೇಟು ಒಮ್ಮೆಲೇ ಏರುತ್ತೆ, ಅದಕ್ಕೇ ದೊಡ್ಡ ಬೋರ್ಡಾದ್ರೆ ಹೇಗಾದ್ರೂ ಮಾಡಿ 100ರ ಒಳಗೆ ಕೂರಿಸೋದು ಒಳ್ಳೇದು. ನನ್ನದು ಅಷ್ಟು ಚಿಕ್ಕದಾಗಿದ್ರೂ ರೇಟೇನೂ ಇಳೀಲಿಲ್ಲ, ಕೊರಿಯರ್ ಚಾರ್ಜೇ ಬೋರ್ಡಿಗಿಂತ ಜಾಸ್ತಿ ಆಯ್ತು. ಹಂಗಾಗಿ ಒಂದೇ ಡಿಸೈನ್‌ಗೋಸ್ಕರ ಅಲ್ಲಿ ಆರ್ಡರ್ ಹಾಕ್ಬೇಡಿ, ಮೂರ್ನಾಲ್ಕು ಡಿಸೈನ್ ಸೇರೋವರೆಗೂ ಕಾದು ಒಂದೇ ಪಾರ್ಸೆಲ್‌ನಲ್ಲಿ ತರಿಸ್ಕೊಳ್ಳಿ, ಆಗ ಅದನ್ನ ಮೀರಿಸೋದು ಯಾವ್ದೂ ಇಲ್ಲ. ಅಂಚು ನೀಟಾಗಿ ಕತ್ತರಿಸಿರುತ್ತೆ, ಅಕ್ಷರ ಸ್ಪಷ್ಟವಾಗಿರುತ್ತೆ. ಒಂದು ವಿಷ್ಯ, ಕಮ್ಮಿ ರೇಟಿನ ಹೆಚ್‌ಎಎಸ್‌ಎಲ್ ಫಿನಿಶ್‌ನಲ್ಲಿ (ಕರಗಿದ ತವರ ಬಳಿದು ಬಿಸಿ ಗಾಳೀಲಿ ಸಮ ಮಾಡೋದು) ಪ್ಯಾಡ್ ಮೇಲಿನ, ಅಂದ್ರೆ ಪಾರ್ಟ್ಸ್ ಬೆಸುಗೆ ಹಾಕೋ ಜಾಗದ ಮೇಲಿನ, ತವರ ಸ್ವಲ್ಪ ಉಬ್ಬಿರುತ್ತೆ, ಅದೂ ಸೀಸ ಇರೋದಾ ಇಲ್ದೇ ಇರೋದಾ ಅಂತ ಆರ್ಡರ್ ಮಾಡೋವಾಗ್ಲೇ ನೋಡ್ಕೊಳ್ಳಿ. ಎಟಿಟೈನಿಗೆ ಇದ್ರಿಂದ ಏನೂ ತೊಂದ್ರೆ ಇಲ್ಲ.

ಬಿಎಂಇ280 ಕಥೆ ಬೇರೆ. 2.5 ಮಿಮೀ ಚೌಕದ ಚಿಪ್ಪು, ಪ್ಯಾಡೆಲ್ಲಾ ಹೊಟ್ಟೆ ಕೆಳಗೆ, ಕಾಲೇ ಇಲ್ಲ. ಇಂಥದ್ದಕ್ಕೆ ಪ್ಯಾಡು ಸಮತಟ್ಟಾಗಿದ್ರೆ ಕೆಲಸ ಎಷ್ಟೋ ಸಲೀಸು, ಓಶ್ ಪಾರ್ಕ್ ನಂಗೆ ಹಿಡಿಸಿದ್ದು ಇಲ್ಲೇ. ಅಮೆರಿಕದ ಈ ಸಂಸ್ಥೆ ತಮ್ಮ ನೇರಳೆ ಬಣ್ಣದ ಬೋರ್ಡಿಗೆಲ್ಲಾ ಚಿನ್ನದ ತೆಳು ಲೇಪ ಇರೋ ಎನಿಗ್ ಫಿನಿಶ್ಶೇ ಕೊಡ್ತಾರೆ, ಚದರ ಇಂಚಿನ ಲೆಕ್ಕದಲ್ಲಿ ದುಡ್ಡು ತಗೊಂಡು ಮೂರು ಪೀಸು ಕಳಿಸ್ತಾರೆ. ಚಿಕ್ಕ ಬೋರ್ಡಿಗೆ ಇದು ಭಾಳ ಲಾಭ, ದೊಡ್ಡದಾದ್ರೆ ಜೇಬಿಗೆ ಭಾರ. ಗರ್ಬರ್ (ಫ್ಯಾಕ್ಟರಿಗೆ ಕಳಿಸೋ ಲೇಯರ್ ಫೈಲುಗಳು) ತೆಗೆಯೋ ತಾಪತ್ರಯನೂ ಇಲ್ಲ, ಡಿಸೈನ್ ಸಾಫ್ಟ್‌ವೇರ್ ಆದ ಕಿಕ್ಯಾಡ್‌ನ ಬೋರ್ಡ್ ಫೈಲನ್ನೇ ಅಪ್‌ಲೋಡ್ ಮಾಡಿದ್ರೆ ಒಂದೊಂದು ಲೇಯರ್ರೂ ಹೆಂಗೆ ಕಾಣುತ್ತೆ ಅಂತ ತೋರಿಸುತ್ತೆ. ಎಲ್ಲರ ಡಿಸೈನೂ ಒಂದೇ ಪ್ಯಾನೆಲ್‌ಗೆ ಸೇರಿಸೋದ್ರಿಂದ ಅಂಚಲ್ಲಿ ಮುರಿದ ಗುರುತು ಉಳ್ದಿರುತ್ತೆ, ಅರದಲ್ಲಿ ಉಜ್ಜಬೇಕು, ಬಿಗಿಯಾದ ಡಬ್ಬಿಲಿ ಕೂರಿಸೋ ಬೋರ್ಡಾದ್ರೆ ಇದು ಮುಖ್ಯ.

ಇನ್ನು ಮನೇಲಿ ಎಚ್ಚಿಂಗು, ಅಂದ್ರೆ ಬೇಡದ ತಾಮ್ರನ ದ್ರಾವಣದಲ್ಲಿ ಕರಗಿಸಿ ತೆಗೆಯೋದು. ಲೇಸರ್ ಪ್ರಿಂಟು, ಇಸ್ತ್ರಿ ಪೆಟ್ಟಿಗೆ, ಫೆರಿಕ್ ಕ್ಲೋರೈಡ್, ಸಂಜೆ ಹೊತ್ತಿಗೆ ಬೋರ್ಡು ಕೈಲಿ, ಆ ಖುಷಿ ಆರ್ಡರ್ ಮಾಡಿದ್ರಲ್ಲಿ ಸಿಗಲ್ಲ. ಆದ್ರೆ ಸೋಲ್ಡರ್ ಮಾಸ್ಕ್ (ತಾಮ್ರದ ಮೇಲಿನ ರಕ್ಷಣೆಯ ಬಣ್ಣದ ಪದರ) ಇಲ್ಲ, ತೂತಿನ ಒಳಗೆ ತಾಮ್ರ ಇಲ್ಲ, ಪ್ರತಿ ವಯಾಗೂ (ಎರಡು ಬದಿಯ ತಾಮ್ರ ಸೇರಿಸೋ ತೂತು) ತಂತಿ ತೂರಿಸಿ ಎರಡೂ ಕಡೆ ಬೆಸುಗೆ ಹಾಕ್ಬೇಕು, ಬಿಎಂಇ280 ಅನ್ನ ರೆಡಿ ಮಾಡ್ಯೂಲ್ ರೂಪದಲ್ಲೇ ಹಾಕ್ಬೇಕಾಯ್ತು. ಉಳಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತೆ, ದಯವಿಟ್ಟು ಸಿಂಕಿಗೆ ಸುರೀಬೇಡಿ. ಈಗ ಒಂದೇ ಪದರದ, ದಪ್ಪ ಟ್ರೇಸಿನ (ತಾಮ್ರದ ಗೆರೆಯ) ಪವರ್ ಸಪ್ಲೈ ಥರದ್ದಕ್ಕೆ ಮಾತ್ರ ಈ ದಾರಿ ಹಿಡೀತೀನಿ.

ಈ ಸೆನ್ಸರ್ ಬೋರ್ಡಿನ ಮುಂದಿನ ವರ್ಶನ್ ಓಶ್ ಪಾರ್ಕ್‌ಗೇ ಹೋಗುತ್ತೆ, ಡಿಸ್ಪ್ಲೇ ಸೇರಿಸಿ ಅಂಗೈ ಅಗಲ ಆದ್ರೆ ಮಾತ್ರ ಜೆಎಲ್‌ಸಿಗೆ. ಎಲ್ಲಿಗೇ ಕಳ್ಸೋದಾದ್ರೂ ಮೊದ್ಲು ಲೇಔಟನ್ನ ಅಸಲಿ ಅಳತೇಲಿ ಕಾಗದದ ಮೇಲೆ ಪ್ರಿಂಟ್ ತೆಗ್ದು, ಪಾರ್ಟ್ಸ್ ಎಲ್ಲಾ ಅದರ ಮೇಲಿಟ್ಟು ಕಾಲು ಸರಿಯಾಗಿ ಕೂರುತ್ತಾ ಅಂತ ನೋಡ್ಕೊಳ್ಳಿ.