ಬನಶಂಕರಿಯ ಹಲ್ಲಿನ ಕ್ಲಿನಿಕ್: ಕೈಕೆಲಸಕ್ಕೆ ಪೂರ್ತಿ ಮಾರ್ಕು, ಬಿಲ್ಲಿಗೆ ಇಲ್ಲ

ಕೇಳಿದರೂ ಆ್ಯಂಟಿಬಯಾಟಿಕ್ ಬರೆದುಕೊಡದ ಡಾಕ್ಟರ್ ಸಿಕ್ಕಿದರು, ಅದಕ್ಕೇ ಈ ರಿವ್ಯೂ.

ಬ್ರಷ್ ಮಾಡಿದರೆ ರಕ್ತ, ಚಕ್ಕುಲಿ ಕಡಿದರೆ ದವಡೆ ಹಲ್ಲು ಅಲ್ಲಾಡುತ್ತಿತ್ತು. ಡಾಕ್ಟರಮ್ಮ ಮೊದಲು ಕೇಳಿದ್ದು ನನ್ನ ಶುಗರ್ ರಿಪೋರ್ಟ್. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದೂ ಕಷ್ಟವಂತೆ. ಆಮೇಲೆ ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ಒಂದೊಂದು ಹಲ್ಲಿನ ಸುತ್ತಲೂ ಹಲ್ಲಿಗೂ ವಸಡಿಗೂ ನಡುವಿನ ಸಂದಿ ಎಷ್ಟು ಆಳ ಎಂದು ಅಳೆದರು. 3 ಮಿಲಿಮೀಟರ್‌ವರೆಗೆ ಪರವಾಗಿಲ್ಲ. ನನ್ನದು ಕೆಲವು ಕಡೆ 6 ಇತ್ತು.

ಮಾತ್ರೆಯಲ್ಲೇ ಮುಗಿಸಬಹುದಲ್ವಾ ಎಂದೆ. "ತಳ ಹಿಡಿದ ಪಾತ್ರೆಗೆ ಸೋಪು ನೀರು ಹಾಕಿಟ್ಟರೆ ಸಾಕಾ, ಉಜ್ಜೋದು ಬೇಡ್ವಾ?" ಎಂದರು. ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡು ಕೂತಿದ್ದರೆ ಔಷಧಿ ಒಳಗೆ ಸರಿಯಾಗಿ ಇಳಿಯುವುದಿಲ್ಲವಂತೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನವರೆಗೂ ಕೆರೆದು ಕ್ಲೀನ್ ಮಾಡಿದರು. ಒಂದು ದಿನ ಬಲಗಡೆ, ಇನ್ನೊಂದು ದಿನ ಎಡಗಡೆ. ನೋವಿಲ್ಲ, ಆದರೆ ಆ ಕೆರೆಯುವ ಸದ್ದು ತಲೆಯೊಳಗೇ ಕೇಳಿಸುತ್ತದೆ. ಅವಸರ ಮಾತ್ರ ಎಳ್ಳಷ್ಟೂ ಮಾಡಲಿಲ್ಲ.

ಜೊತೆಗೆ 0.2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಮೌತ್‌ವಾಶ್, ಎರಡೇ ವಾರಕ್ಕೆ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ಅದರಲ್ಲೂ ನನ್ನಂಥ ಕಾಫಿ ಗಿರಾಕಿಗಳಿಗೆ. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಬೇಡ, ಅರ್ಧ ಗಂಟೆ ಬಿಡಿ ಎಂದರು. ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತದೆ. ಆ ಎರಡು ವಾರ ಮೌತ್‌ವಾಶ್‌ನಿಂದ ನಾಲಿಗೆ ರುಚಿ ಕೆಟ್ಟು ಸಾರು ಸಪ್ಪೆ, ಹುಳಿನೂ ಸಪ್ಪೆ. ಮನೆಯವಳ ಕೈಯಲ್ಲಿ ಸುಮ್ನೆ ಬೈಸಿಕೊಂಡೆ.

ವಸಡು ಮಾಗಲು ಬಿಟ್ಟು ಮತ್ತೆ ಅಳೆದಾಗ ಹೆಚ್ಚಿನವು ಇಳಿದಿದ್ದವು. ಹಟ ಹಿಡಿದ ಎರಡು ಸಂದಿ ಮತ್ತೆ ಕೆರೆದು, ಅದೇ ಕ್ಲೋರ್‌ಹೆಕ್ಸಿಡಿನ್ ಇರುವ ಪುಟ್ಟ ಚಿಪ್ ತೂರಿಸಿದರು. ತಾನಾಗೇ ಕರಗುತ್ತದೆ, ತೆಗೆಸುವ ಕೆಲಸವಿಲ್ಲ. 10 ದಿನ ಅಲ್ಲಿ ದಾರ ಹಾಕಿ ಹಲ್ಲುಸಂದಿ ಕ್ಲೀನ್ ಮಾಡಬಾರದು ಅಷ್ಟೇ. ಇದರಿಂದ ಸಿಗುವ ಹೆಚ್ಚುವರಿ ಲಾಭ ಮಿಲಿಮೀಟರಿನ ಒಂದು ಚೂರು ಮಾತ್ರ ಎಂದು ಅವರೇ ಹೇಳಿದರು. ಈ ಊರಲ್ಲಿ ಯಾರು ಹೀಗೆ ಹೇಳಿ ವ್ಯಾಪಾರ ಮಾಡ್ತಾರೆ!

ಆದರೆ ಒಂದೊಂದು ಚಿಪ್ಪಿಗೂ ಬೇರೆ ದುಡ್ಡು ಎಂದು ಗೊತ್ತಾಗಿದ್ದು ಕೌಂಟರಿನಲ್ಲಿ. ಮೊದಲೇ ಹೇಳಬೇಕಿತ್ತು. ಅದಕ್ಕೆ ಒಂದು ಸ್ಟಾರ್ ಕಟ್. ಈಗ ಮೂರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಹೋಗುತ್ತೇನೆ, ರೇಟು ಬರೆಸಿಕೊಂಡೇ ಕುರ್ಚಿ ಹತ್ತುತ್ತೇನೆ.